ಮಿಸಿಸಿಪ್ಪಿ ದಡದಲ್ಲಿ ಹದ್ದು ನೋಡುವುದು ಹೇಗೆ?

ಅಮೆರಿಕದ ಅಯೋವಾಕ್ಕೆ ಬಂದ ಮೊದಲ ಚಳಿಗಾಲ ಬಾಲ್ಡ್ ಈಗಲ್ ಎಂಬ ಬಿಳಿ ತಲೆಯ ಹದ್ದು ಹುಡುಕಿ ಮಿಸಿಸಿಪ್ಪಿ ನದಿಯುದ್ದಕ್ಕೂ ಸುಮ್ನೆ ಅಲೆದೆ. ಎಲ್ಲೆಲ್ಲೂ ಮಂಜುಗಡ್ಡೆ, ಒಂದು ಹಕ್ಕಿಯೂ ಇಲ್ಲ. ಹೆಪ್ಪುಗಟ್ಟದ ನೀರು ಎಲ್ಲಿದೆ ಅಂತ ಮೊದಲು ನೋಡಬೇಕು ಎಂದು ಆಮೇಲೆ ಗೊತ್ತಾಯಿತು.

ಲೆಕ್ಲೇರ್ ಊರಿನ ಹತ್ತಿರ ಇದೇ ನದಿಗೆ ಕಟ್ಟಿರುವ 14ನೇ ಅಣೆಕಟ್ಟಿಗೆ ಹೋಗಿ. ಗೇಟಿನಿಂದ ನೀರು ರಭಸವಾಗಿ ಬರುವುದರಿಂದ ಅದರ ಕೆಳಗೆ ನದಿ ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ಗೇಟು ದಾಟಿದ ಮೀನುಗಳು ಮಂಕಾಗಿ ಮೇಲೆ ತೇಲುತ್ತವೆ. ಬಾಲ್ಡ್ ಈಗಲ್‌ಗಳಿಗೆ ಅದೇ ಊಟ. ಜನವರಿಯಲ್ಲಿ ಚಳಿ ಜಾಸ್ತಿ ಇರುವ ದಿನ ಆರಿಸಿ, ಬೆಳಿಗ್ಗೆ ಬೇಗ ಹೊರಡಿ. ಬೆಚ್ಚಗಿನ ವಾರದಲ್ಲಿ ಬೇರೆ ಕಡೆಯೂ ಮಂಜು ಕರಗಿ ಹದ್ದುಗಳು ಚದುರಿಬಿಡುತ್ತವೆ.

ದಡದ ಮರಗಳ ಬೋಳು ಕೊಂಬೆ ನೋಡಿ. ಕಂದು ತಲೆಯ ಹಕ್ಕಿ ಕಂಡರೆ ಬೇರೆ ಜಾತಿ ಅಂದುಕೊಳ್ಳಬೇಡಿ. ಅದು ಎಳೆ ಹದ್ದು. ತಲೆ ಬೆಳ್ಳಗಾಗಲು ಸುಮಾರು 5 ವರ್ಷ ಬೇಕು.

ಕಾರಿನಲ್ಲೇ ಕೂತು ನೋಡಿ. ಹತ್ತಿರ ಹೋದರೆ ಅವು ಹೆದರಿ ಹಾರುತ್ತವೆ. ಆ ಚಳಿಯಲ್ಲಿ ಸುಮ್ಮನೆ ಶಕ್ತಿ ಕಳೆದುಕೊಳ್ಳುತ್ತವೆ, ಪಾಪ ಅಲ್ವಾ? ಮಂಜುಗಡ್ಡೆಯ ಮೇಲಂತೂ ಕಾಲಿಡಲೇಬೇಡಿ. ಫ್ಲಾಸ್ಕಿನಲ್ಲಿ ಬಿಸಿ ಕಷಾಯ ಇರಲಿ. ಶಿವಮೊಗ್ಗದಿಂದ ಬಂದಿದ್ದ ಅಮ್ಮ ಅದನ್ನು ಹಿಡಿದುಕೊಂಡೇ ಎರಡು ಗಂಟೆ ಕೂತಿದ್ದರು.