ಹುಲ್ಲು, ಕಿತ್ತಳೆ, ಕಾಫಿ ರೆಂಬೆ: ಮಕ್ಕಳೇ ಮಾಡುವ ಕ್ರಿಸ್‌ಮಸ್ ಅಲಂಕಾರ

ಡಿಸೆಂಬರ್ ಬಂತೆಂದರೆ ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಫ್ಯಾನ್ಸಿ ಅಂಗಡಿಗಳ ಮುಂದೆ ಹೊಳೆಯುವ ಚೆಂಡು, ಜರಿ ಹಾರ, ಪ್ಲಾಸ್ಟಿಕ್ ಗಂಟೆಗಳು ತೂಗಾಡುತ್ತವೆ. ಮಕ್ಕಳನ್ನು ಅಲ್ಲಿಂದ ಎಬ್ಬಿಸಿಕೊಂಡು ಬರುವುದೇ ಕಷ್ಟ. ಒಂದೂ ಕೊಳ್ಳಬೇಡಿ ಎನ್ನುವುದಿಲ್ಲ. ಆದರೆ ಮನೆಯ ಸುತ್ತ ಗದ್ದೆ, ತೋಟ, ಕಾಫಿ ಕಣ ಇಟ್ಟುಕೊಂಡು ಎಲ್ಲವನ್ನೂ ಅಂಗಡಿಯಿಂದ ತರುವುದು ಸುಮ್ನೆ ದಂಡ, ಅಲ್ವಾ? ಇಲ್ಲಿ ಹೇಳುವ ಅಲಂಕಾರಗಳಿಗೆ ಬೇಕಾಗುವುದು ಕತ್ತರಿ, ದಾರ, ಅಂಟು ಮತ್ತು ಅಂಗಳದಲ್ಲಿ ಬಿದ್ದಿರುವ ಸಾಮಾನು.

ಒಂದು ತೊಡಕನ್ನು ಮೊದಲೇ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ಸಿಗುವ ವಿಡಿಯೊಗಳನ್ನು ನೋಡಿ ಹಾಗೇ ಮಾಡಿದರೆ ಕೊಡಗಿನಲ್ಲಿ ಅರ್ಧಕ್ಕರ್ಧ ಕೆಡುತ್ತವೆ. ಕಾರಣ ತೇವ. ಹಗಲು ಚುರುಕಾದ ಬಿಸಿಲಿದ್ದರೂ ಸಂಜೆಯಾದರೆ ಚಳಿ, ರಾತ್ರಿಯಿಡೀ ಇಬ್ಬನಿ. ಅಂಟು ಒಣಗುವುದಿಲ್ಲ, ಕಾಗದ ಮೆತ್ತಗಾಗುತ್ತದೆ, ಹಣ್ಣಿಗೆ ಬೂಷ್ಟು ಹಿಡಿಯುತ್ತದೆ. ಪರಿಹಾರ ನಮ್ಮ ಕಣದಲ್ಲೇ ಇದೆ. ಇಬ್ಬನಿ ಆರಿದ ಮೇಲೆ ಕಾಫಿ ಹರಡುತ್ತಾರೆ, ನಡುನಡುವೆ ಕೆದಕುತ್ತಾರೆ, ಬಿಸಿಲು ಇಳಿಯುವ ಮೊದಲೇ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚುತ್ತಾರೆ. ಮಕ್ಕಳು ಮಾಡಿದ್ದನ್ನೂ ಕಾಫಿಯ ಜೊತೆ ಹೊರಗೆ ತನ್ನಿ, ಕಾಫಿಯ ಜೊತೆಯೇ ಒಳಗೆ ಸೇರಿಸಿ. ಹಬ್ಬದ ಹಿಂದಿನ ದಿನ ಕೂತರೆ ಆಗುವ ಕೆಲಸವಲ್ಲ ಇದು. ಡಿಸೆಂಬರ್ ಎರಡನೇ ವಾರ ಶುರು ಮಾಡಿದರೆ ಆರಾಮವಾಗಿ ಮುಗಿಯುತ್ತದೆ.

ಭತ್ತದ ಹುಲ್ಲಿನ ನಕ್ಷತ್ರ

ಇದ್ದುದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ. ಜರ್ಮನಿ, ಸ್ವೀಡನ್ ಕಡೆ ಒಣಹುಲ್ಲಿನಿಂದ ಕ್ರಿಸ್‌ಮಸ್ ನಕ್ಷತ್ರ ಕಟ್ಟುವುದು ಹಳೆಯ ರೂಢಿ. ಅಲ್ಲಿ ಗೋಧಿ, ರೈ ಹುಲ್ಲು. ನಮ್ಮಲ್ಲಿ ಹುತ್ತರಿ ಕಳೆದು ಗದ್ದೆ ಕೊಯ್ಲು ನಡೆಯುವ ಹೊತ್ತಿಗೆ ಕ್ರಿಸ್‌ಮಸ್ ಬರುವುದರಿಂದ ಹೊಸ ಭತ್ತದ ಹುಲ್ಲಿಗೆ ಬರವಿಲ್ಲ. ಅದು ಗೋಧಿ ಹುಲ್ಲಿಗಿಂತ ತೆಳ್ಳಗೆ, ಹೊಳಪೂ ಸ್ವಲ್ಪ ಕಮ್ಮಿ. ಹಾಗಾಗಿ ಅವರು ಒಂದು ಕಡ್ಡಿ ಇಡುವಲ್ಲಿ ನಾವು ಎರಡು ಇಡಬೇಕು, ಅಷ್ಟೇ.

ಕೈಯಲ್ಲಿ ಕೊಯ್ದ ಹುಲ್ಲೇ ಬೇಕು. ಯಂತ್ರದಲ್ಲಿ ಕೊಯ್ದದ್ದು ಜಜ್ಜಿ ಹೋಗಿರುತ್ತದೆ. ಒಂದು ಹುಲ್ಲು ಎತ್ತಿಕೊಂಡು ತೆನೆಯ ಬುಡದಿಂದ ಕೆಳಗೆ ಬೆರಳು ಜಾರಿಸಿ. ಮೊದಲ ಗೆಣ್ಣು ಸಿಗುವವರೆಗಿನ ಭಾಗ ನುಣ್ಣಗೆ, ನೇರವಾಗಿರುತ್ತದೆ. ನಮಗೆ ಬೇಕಾದದ್ದು ಅದೇ. ಮೇಲೆ ಸುತ್ತಿಕೊಂಡ ಎಲೆಯ ಸಿಪ್ಪೆ ಸುಲಿದು ಹಾಕಿ, ಸುಮಾರು 10 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಒಂದು ನಕ್ಷತ್ರಕ್ಕೆ ಎಂಟು ತುಂಡು ಸಾಕು.

ತುಂಡುಗಳನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿಡಿ. ಒಣ ಹುಲ್ಲನ್ನು ಹಾಗೇ ಬಗ್ಗಿಸಲು ಹೋದರೆ ಪಟ್ಟನೆ ಮುರಿಯುತ್ತದೆ. ನೆನೆದರೆ ಹುಲ್ಲಿನ ಸುಂಕೂ ಹೋಗುತ್ತದೆ, ಮಕ್ಕಳ ಕೈ ತುರಿಸುವುದಿಲ್ಲ. ನೀರಿನಿಂದ ತೆಗೆದು ಬಟ್ಟೆಯಲ್ಲಿ ಒರೆಸಿ, ಚಮಚದ ಬೆನ್ನಿನಿಂದ ಉದ್ದಕ್ಕೆ ಉಜ್ಜಿ ಚಪ್ಪಟೆ ಮಾಡಿ.

ಈಗ ಎರಡೆರಡು ತುಂಡು ಜೋಡಿಸಿ ನಾಲ್ಕು ಜೊತೆ ಮಾಡಿಕೊಳ್ಳಿ. ಎರಡು ಜೊತೆಯನ್ನು ಕೂಡಿಸುವ ಚಿಹ್ನೆಯಂತೆ ಅಡ್ಡ ಉದ್ದ ಇಡಿ. ಉಳಿದ ಎರಡನ್ನು ಅದರ ಮೇಲೆ ಗುಣಾಕಾರದ ಚಿಹ್ನೆಯಂತೆ ಇಡಿ. ನಡುವನ್ನು ಹೆಬ್ಬೆರಳು, ತೋರುಬೆರಳಿನಿಂದ ಬಿಗಿಯಾಗಿ ಹಿಡಿಯಿರಿ. ಚಿಕ್ಕ ಮಕ್ಕಳಿಗೆ ಇದು ಒದಗುವುದಿಲ್ಲ. ಹಿಡಿಯುವ ಕೆಲಸ ದೊಡ್ಡವರು ಮಾಡಿ, ದಾರ ಸುತ್ತುವ ಕೆಲಸ ಅವರಿಗೆ ಬಿಡಿ.

ಇಡೀ ನಕ್ಷತ್ರ ನಿಂತಿರುವುದು ಈ ಸುತ್ತಿನ ಮೇಲೆ. ಎಂಟು ಕೈಗಳಲ್ಲಿ ಒಂದು ಬಿಟ್ಟು ಒಂದು ಮೇಲಿನ ಪದರದ್ದು, ಒಂದು ಬಿಟ್ಟು ಒಂದು ಕೆಳಗಿನದ್ದು. ಕೆಂಪು ದಾರ ಮೇಲಿನ ಕೈ ಬಂದಾಗ ಅದರ ಮೇಲೆ ಹಾಯಬೇಕು, ಕೆಳಗಿನ ಕೈ ಬಂದಾಗ ಅದರ ಅಡಿಯಲ್ಲಿ ಹೋಗಬೇಕು. ಹೀಗೆ ಒಂದು ಸುತ್ತು ಮುಗಿಸಿ ದಾರ ಎಳೆದರೆ ಎಲ್ಲ ಕಡ್ಡಿಗಳೂ ಕಚ್ಚಿ ಕೂರುತ್ತವೆ. ಅಡಿಗೆ ಹೋಗಬೇಕಾದಲ್ಲಿ ಮೇಲೆ ಹಾಯಿಸಿದರೆ ನಕ್ಷತ್ರ ಒಂದು ಕಡೆ ಕುಸಿದು ಕೈಗೆ ಬರುತ್ತದೆ. ಹಿಂಬದಿಯಲ್ಲಿ ಗಂಟು ಹಾಕಿ, ಉಳಿದ ದಾರವನ್ನು ತೂಗುಹಾಕಲು ಕುಣಿಕೆ ಮಾಡಿ. ಪೂರ್ತಿ ಒಣಗಿದ ಮೇಲೆ ತುದಿಗಳನ್ನು ಕತ್ತರಿಯಿಂದ ಚೂಪಾಗಿಯೋ ಕವಲಾಗಿಯೋ ಕತ್ತರಿಸಿ. ಬಣ್ಣ ಹಚ್ಚುವ ಆಸೆ ಬಂದರೆ ತಡೆದುಕೊಳ್ಳಿ. ಹುಲ್ಲಿನ ಹೊಂಬಣ್ಣಕ್ಕಿಂತ ಚೆನ್ನಾದ ಬಣ್ಣ ಡಬ್ಬದಲ್ಲಿ ಸಿಗುವುದಿಲ್ಲ.

ಕಿತ್ತಳೆ ಬಿಲ್ಲೆ

ಕಿತ್ತಳೆಯನ್ನು ಅಡ್ಡಕ್ಕೆ ಕೊಯ್ದು ಒಣಗಿಸಿದರೆ ಬೆಳಕಿಗೆ ಹಿಡಿದಾಗ ಹೊಳೆಯುವ ಬಿಲ್ಲೆಗಳಾಗುತ್ತವೆ. ಇದಕ್ಕೆ ನಮ್ಮ ಕೊಡಗಿನ ಕಿತ್ತಳೆಯೇ ಸರಿ. ಅದರ ಸಿಪ್ಪೆ ಹಣ್ಣಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಕೊಯ್ದರೂ ಬಿಲ್ಲೆ ಬಿಚ್ಚಿಕೊಳ್ಳುವುದಿಲ್ಲ. ನಾಗಪುರದ ಹಣ್ಣಿನ ಸಿಪ್ಪೆ ಸಡಿಲ. ಬಿಲ್ಲೆ ಮಾಡಿದರೆ ತೊಳೆ ಒಂದು ಕಡೆ, ಸಿಪ್ಪೆ ಒಂದು ಕಡೆ. ಊರಿನ ಹೆಸರಿಗೆ ಸಿಗುವ ಭೌಗೋಳಿಕ ಸೂಚಕ (ಜಿಐ) ಗುರುತು ಸಿಕ್ಕಿದ್ದರೂ ರೋಗ ಬಿದ್ದು ಕೊಡಗಿನ ಕಿತ್ತಳೆ ತೋಟಗಳು ಕಮ್ಮಿಯಾಗಿವೆ, ಸಂತೆಯಲ್ಲಿ ಅಸಲಿ ಹಣ್ಣು ಸಿಕ್ಕಿದರೆ ಮೊದಲು ತಿನ್ನಿ. ಅಲಂಕಾರಕ್ಕೆ ಒಂದೆರಡು ಸಾಕು, ಒಂದು ಹಣ್ಣಿನಲ್ಲಿ ಐದಾರು ಬಿಲ್ಲೆ ಬರುತ್ತದೆ.

ಅರ್ಧ ಸೆಂ.ಮೀ. ದಪ್ಪಕ್ಕೆ ಹರಿತವಾದ ಚಾಕುವಿನಿಂದ ದೊಡ್ಡವರೇ ಕೊಯ್ಯಲಿ. ಬಟ್ಟೆಯ ನಡುವೆ ಒತ್ತಿ ರಸ ತೆಗೆಯಿರಿ, ಬೀಜ ಕೀಳಿರಿ. ಓವನ್ ಇದ್ದರೆ 100 ಡಿಗ್ರಿಯಲ್ಲಿ ಮೂರ‍್ನಾಲ್ಕು ಗಂಟೆ, ಆಗಾಗ ಮಗುಚುತ್ತಾ. ಇಲ್ಲದಿದ್ದರೆ ಜಾಲರಿಯ ಮೇಲೆ ಹಗಲು ಬಿಸಿಲಿಗೆ, ರಾತ್ರಿ ಸೌದೆ ಒಲೆಯ ಮೇಲಿನ ಅಟ್ಟಕ್ಕೆ. ತಟ್ಟೆಯಲ್ಲಿಟ್ಟರೆ ಅಡಿಭಾಗ ಒಣಗದೆ ಬೂಷ್ಟು ಬರುತ್ತದೆ. ನಡುವೆ ಒತ್ತಿದಾಗ ಬೆರಳಿಗೆ ಅಂಟದಿದ್ದರೆ ಆಯಿತು.

ನಾಗಪುರದ ಕಿತ್ತಳೆ ಇದ್ದರೆ ಹಣ್ಣು ತಿಂದು ಸಿಪ್ಪೆ ಎತ್ತಿಡಿ. ಸಡಿಲ ಸಿಪ್ಪೆ ದೊಡ್ಡ ತುಂಡಾಗಿ ಬರುತ್ತದಲ್ಲ, ಅದರಲ್ಲಿ ನಕ್ಷತ್ರ, ಗಂಟೆ, ಮೀನು ಏನು ಬೇಕಾದರೂ ಕತ್ತರಿಸಬಹುದು. ಹಸಿ ಇರುವಾಗಲೇ ಸೂಜಿಯಿಂದ ತೂತು ಮಾಡಿ, ಹಳೆ ಪೇಪರಿನ ನಡುವೆ ಭಾರ ಹೇರಿ ಒಣಗಿಸಿ. ದಿನಾ ಪೇಪರ್ ಬದಲಿಸಿ.

ಬಿಳಿ ಮಣ್ಣಿನಂಥ ಹಿಟ್ಟು

ಮೈದಾಗೆ ಉಪ್ಪು ಹಾಕಿ ಕಲಸಿ ಬೊಂಬೆ ಮಾಡುವ ವಿಧಾನ ಎಲ್ಲ ಕಡೆ ಇದೆ. ಕೊಡಗಿಗೆ ಅದು ಬೇಡ. ಉಪ್ಪು ಗಾಳಿಯ ತೇವ ಹೀರುತ್ತದೆ, ಜೂನ್ ಮಳೆ ಹಿಡಿದರೆ ಬೊಂಬೆ ಕರಗಿ ಕೂರುತ್ತದೆ. ಮನೆಯ ನಾಯಿ ಅದನ್ನು ತಿಂದರೆ ಉಪ್ಪು ಅದರ ಜೀವಕ್ಕೇ ಕುತ್ತು. ಅಡುಗೆ ಸೋಡಾದ ಹಿಟ್ಟು ಎಷ್ಟೋ ವಾಸಿ. ಇದೂ ಆಟದ ಸಾಮಾನೇ ಹೊರತು ತಿಂಡಿಯಲ್ಲ, ನಾಯಿ ಮತ್ತು ಪುಟ್ಟ ಮಕ್ಕಳ ಬಾಯಿಗೆ ಎಟುಕದಂತೆ ಇಡಿ.

ಎರಡು ಲೋಟ ಅಡುಗೆ ಸೋಡಾ, ಒಂದು ಲೋಟ ಕಾರ್ನ್‌ಫ್ಲೋರ್, ಒಂದೂಕಾಲು ಲೋಟ ನೀರು. ಈ ಪಟ್ಟಿಯಲ್ಲಿ ದುಡ್ಡು ಬೀಳುವುದು ಇದಕ್ಕೊಂದೇ, ಬೇಕಾದರೆ ಅರ್ಧ ಅಳತೆ ಮಾಡಿ. ಎಲ್ಲ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿಟ್ಟು ಕೈಬಿಡದೆ ತಿರುಗಿಸಿ. ಮೊದಲು ನೀರು ನೀರಾಗಿದ್ದದ್ದು ಇದ್ದಕ್ಕಿದ್ದ ಹಾಗೆ ಗಟ್ಟಿಯಾಗಿ ಪಾತ್ರೆಯ ಅಂಚು ಬಿಡುತ್ತದೆ. ತಕ್ಷಣ ಇಳಿಸಿ, ಒದ್ದೆ ಬಟ್ಟೆ ಮುಚ್ಚಿ ಆರಲು ಬಿಡಿ. ಆಮೇಲೆ ಚಪಾತಿ ಹಿಟ್ಟಿನಂತೆ ನಾದಿ, ಅರ್ಧ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ.

ಮಕ್ಕಳಿಗೆ ಖುಷಿ ಕೊಡುವ ಭಾಗ ಈಗ. ಬೇಲಿ ಪಕ್ಕದ ಜರಿಗಿಡದ ಒಂದು ಎಲೆ ತಂದು, ನರಗಳು ಎದ್ದಿರುವ ಹಿಂಬದಿಯನ್ನು ಹಿಟ್ಟಿಗೆ ತಾಗುವಂತೆ ಇಟ್ಟು, ಲಟ್ಟಣಿಗೆ ಒಂದು ಸಲ ಉರುಳಿಸಿ. ಎಲೆ ಎತ್ತಿದರೆ ಒಂದೊಂದು ಗರಿಯೂ ಅಚ್ಚಾಗಿರುತ್ತದೆ. ಲೋಟ ಒತ್ತಿ ದುಂಡಗೆ ಕತ್ತರಿಸಿ, ಸ್ಟ್ರಾದಿಂದ ತೂತು ಮಾಡಿ. ತೂತು ಅಂಚಿಗೆ ತೀರಾ ಹತ್ತಿರ ಬೇಡ, ಒಣಗಿದಾಗ ಕಿತ್ತುಬರುತ್ತದೆ. ನೆರಳಲ್ಲಿ ಎರಡು ದಿನ, ದಿನಕ್ಕೆ ಎರಡು ಸಲ ಮಗುಚಿ. ನೇರ ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತದೆ. ಕಾಫಿಯ ವೇಳಾಪಟ್ಟಿ ಅನ್ವಯಿಸದಿರುವುದು ಇದೊಂದಕ್ಕೇ.

ತೋಟದಿಂದ

ಸಿಲ್ವರ್ ಓಕ್ ಮರದಡಿ ಬಿದ್ದಿರುವ ಎಲೆ ತಿರುಗಿಸಿ ನೋಡಿ. ಅಡಿಭಾಗ ಬೆಳ್ಳಿ ಬಣ್ಣ. ಪೇಂಟ್ ಇಲ್ಲದೆಯೇ ಹೊಳೆಯುವ ಇಂಥ ಎಲೆಯನ್ನು ಕಾಗದದ ನಡುವೆ ಒತ್ತಿ, ಮೂರು ಎಲೆ ತೊಟ್ಟಿನ ಹತ್ತಿರ ಕಟ್ಟಿದರೆ ಬಾಗಿಲಿಗೆ ಒಂದು ಗೊಂಚಲು. ಕೆಲವರ ಚರ್ಮಕ್ಕೆ ಈ ಮರ ಆಗುವುದಿಲ್ಲ, ತುರಿಕೆ ಬಂದರೆ ಕೈ ತೊಳೆದು ಬೇರೆ ಕೆಲಸ ಹಿಡಿಯಲಿ.

ಕೆಂಪು ಕಾಫಿ ಹಣ್ಣು ಪೋಣಿಸಿದರೆ ಚೆಂದ ಕಾಣುತ್ತದೆ, ನಿಜ. ಆದರೆ ಬೇಗ ಕಪ್ಪಾಗಿ ಬೂಷ್ಟು ಬರುತ್ತದೆ. ಕಣದಲ್ಲಿ ಒಣಗಿದ ಅರೇಬಿಕಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಒಂದು ಹಿಡಿ ಕೇಳಿ ತನ್ನಿ. ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನಬೇಕು. ಸದ್ದು ಬಂದರೆ ಒಣಗಿದೆ, ಅಂಟಿಗೆ ಹಿಡಿಯುತ್ತದೆ. ರಟ್ಟಿನ ಬಳೆಗೆ ಫೆವಿಕಾಲ್ ಹಚ್ಚಿ ಒತ್ತೊತ್ತಾಗಿ ಅಂಟಿಸಿ, ಒಂದು ಕೆಂಪು ರಿಬ್ಬನ್ ಕಟ್ಟಿ. ಅಂಟಿನ ಕೆಲಸ ಬೆಳಿಗ್ಗೆ ಹತ್ತರ ನಂತರ ಮಾಡಿದರೆ ಸಂಜೆಯೊಳಗೆ ಹಿಡಿದಿರುತ್ತದೆ. ಮೈದಾ ಅಂಟು ಮಾಡುವವರು ಹುಳ ಬಾರದಿರಲೆಂದು ಮೈಲುತುತ್ತ ಬೆರೆಸುವುದುಂಟು. ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ತೋಟದ ಮನೆಗಳಲ್ಲಿ ಇದ್ದೇ ಇರುತ್ತದೆ. ಅದು ವಿಷ, ಮಕ್ಕಳ ಕೈಗೆ ಬೇಡವೇ ಬೇಡ.

ಎಲೆ, ಕಾಯಿ ಹೆಕ್ಕಲು ಮಕ್ಕಳನ್ನು ಒಬ್ಬೊಬ್ಬರನ್ನೇ ಕಳಿಸಬೇಡಿ. ಸಿದ್ದಾಪುರ, ವಿರಾಜಪೇಟೆ ಕಡೆಯವರಿಗೆ ಹೇಳಬೇಕಿಲ್ಲ, ಆನೆ ಎಲ್ಲಿದೆ ಎಂದು ವಿಚಾರಿಸದೆ ತೋಟಕ್ಕೆ ಯಾರೂ ಇಳಿಯುವುದಿಲ್ಲ.

ಮರಕ್ಕೆ ಏನು ಮಾಡುವುದು? ಕಿತ್ತು ಹಾಕಿದ ಹಳೆ ಕಾಫಿ ಗಿಡದ ಒಣ ರೆಂಬೆ ಹುಡುಕಿ. ಕಾಫಿಯ ಕವಲುಗಳು ಎದುರುಬದುರಾಗಿ, ಅಡ್ಡಕ್ಕೆ ಚಾಚಿಕೊಂಡಿರುತ್ತವೆ. ಡಬ್ಬದಲ್ಲಿ ಮರಳು ತುಂಬಿ ನಿಲ್ಲಿಸಿದರೆ ತೂಗುಹಾಕಲು ಬೇಕಾದಷ್ಟು ಕೊಕ್ಕೆ ಸಿದ್ಧ. ಹತ್ತಿಯನ್ನು ಹಿಮವೆಂದು ಅಂಟಿಸುವುದು ಮಾತ್ರ ನನಗೆ ಹಿಡಿಸದು. ಹಿಮವೇ ಬೀಳದ ಊರಿಗೆ ಅದೇಕೆ? ಮೇಣದಬತ್ತಿ ಹತ್ತಿರವಿದ್ದರೆ ಬೆಂಕಿ ಬೇರೆ.

ಮನೆ ಮುಂದಿನ ನಕ್ಷತ್ರ

ವಿರಾಜಪೇಟೆಯಲ್ಲಿ ಸಂತ ಅನ್ನಮ್ಮ ಚರ್ಚ್ ಶುರುವಾಗಿದ್ದು 1792ರಲ್ಲಿ. ಕೊಡಗಿಗೆ ಕ್ರಿಸ್‌ಮಸ್ ಅಷ್ಟು ಹಳೆಯದು. ಕಾಗದದ ನಕ್ಷತ್ರದ ಕಥೆ ಅದಕ್ಕಿಂತ ಈಚಿನದು. 1830ರ ದಶಕದಲ್ಲಿ ಜರ್ಮನಿಯಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಪಂಗಡದ ಶಾಲೆಯೊಂದರಲ್ಲಿ ಮಕ್ಕಳಿಗೆ ರೇಖಾಗಣಿತ ಕಲಿಸಲು ಕಾಗದದ ನಕ್ಷತ್ರ ಮಾಡಿಸಿದರು, ಅದು ಕ್ರಿಸ್‌ಮಸ್ ದೀಪವಾಗಿ ಹರಡಿತು. ನಮ್ಮ ಬಿದಿರಿನ ಐದು ಮೂಲೆಯ ನಕ್ಷತ್ರದ ಆಕಾರ ಬೇರೆ, ಆದರೆ ಇದರಲ್ಲೂ ಲೆಕ್ಕದ ಪಾಠವಿದೆ.

45 ಸೆಂ.ಮೀ. ಉದ್ದದ ಹತ್ತು ಬಿದಿರು ಕಡ್ಡಿ ಬೇಕು, ಎಲ್ಲವೂ ಒಂದೇ ಅಳತೆ. ಅಂಚನ್ನು ಉಜ್ಜುಕಾಗದದಲ್ಲಿ ತಿಕ್ಕಿ, ಬಿದಿರಿನ ಸಿಬಿರು ಕೈಗೆ ಹೊಕ್ಕರೆ ಹಬ್ಬದ ಮಜಾ ಹೋಯಿತು. ಪೆನ್ನು ಎತ್ತದೆ ಒಂದೇ ಗೆರೆಯಲ್ಲಿ ಬರೆಯುವ ನಕ್ಷತ್ರ ಮಕ್ಕಳಿಗೆ ಗೊತ್ತಿರುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅದನ್ನು ಬರೆಸಿ, ಗೆರೆಯ ಮೇಲೆ ಐದು ಕಡ್ಡಿ ಇಡಿಸಿ. ಒಂದು ಕಡ್ಡಿ ಇನ್ನೊಂದನ್ನು ದಾಟುವಾಗ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುವಂತೆ ಹೆಣೆದರೆ ಚೌಕಟ್ಟು ತಾನೇ ನಿಲ್ಲುತ್ತದೆ. ಐದು ತುದಿಗಳನ್ನು ದಾರದಿಂದ ಬಿಗಿಯಿರಿ. ಇಂಥದೇ ಇನ್ನೊಂದು ಮಾಡಿ.

ಎರಡನ್ನೂ ಒಂದರ ಮೇಲೊಂದಿಟ್ಟು ಐದು ತುದಿಗಳನ್ನು ಜೋಡಿಸಿ ಕಟ್ಟಿ. ಈಗ ಒಳಗೆ ಕಡ್ಡಿಗಳು ದಾಟುವ ಐದು ಜಾಗಗಳಲ್ಲಿ, ಎರಡು ಚೌಕಟ್ಟಿನ ನಡುವೆ 10 ಸೆಂ.ಮೀ. ಉದ್ದದ ಗಿಡ್ಡ ಕಡ್ಡಿಯನ್ನು ಆನಿಸಿ ನಿಲ್ಲಿಸಿ ಕಟ್ಟಿ. ಚಪ್ಪಟೆಯಾಗಿದ್ದ ನಕ್ಷತ್ರ ಹೊಟ್ಟೆ ಉಬ್ಬಿಸಿಕೊಂಡು ಎದ್ದು ಕೂರುತ್ತದೆ. ಸೋದರರು ಜಗಳವಾಡದೆ ಮಾಡಲಿ ಎಂದಿದ್ದರೆ ಊದುಬತ್ತಿಯ ಖಾಲಿ ಕಡ್ಡಿಗಳಲ್ಲಿ ಪುಟ್ಟದೊಂದನ್ನು ಚಿಕ್ಕವರಿಗೆ ಬೇರೆಯಾಗಿ ಕೊಡಿ.

ಹೊದಿಕೆಗೆ ಗಾಳಿಪಟದ ಕಾಗದ ಅಗ್ಗ. ಆದರೆ ಇಬ್ಬನಿಗೆ ಬೇಗ ಹರಿಯುತ್ತದೆ, ಬಣ್ಣವೂ ಬಿಡುತ್ತದೆ. ಹಳೆಯ ತೆಳು ವೇಲ್ ಬಟ್ಟೆ ಎಳೆದು ಅಂಟಿಸಿದರೆ ಹಬ್ಬ ಮುಗಿಯುವವರೆಗೂ ಜಗ್ಗುವುದಿಲ್ಲ, ಬೆಳಕೂ ಚೆನ್ನಾಗಿ ಹಾಯುತ್ತದೆ. ಹಿಂಬದಿಯಲ್ಲಿ ಒಂದು ಮೂಲೆ ಬಿಟ್ಟು ಅಲ್ಲಿಂದ ಸಣ್ಣ ಎಲ್‌ಇಡಿ ಬಲ್ಬ್ ಇಳಿಸಿ. ಒಳಗೆ ಮೇಣದಬತ್ತಿ, ಬಿಸಿಯಾಗುವ ಹಳೆಯ ಬಲ್ಬ್ ಎರಡೂ ಬೇಡ. ವೈರು, ಹೋಲ್ಡರಿನ ಕೆಲಸ ದೊಡ್ಡವರದ್ದು. ತೂಗುಹಾಕುವುದು ಸೂರಿನ ಕೆಳಗೆ, ಇಬ್ಬನಿ ಹೋಲ್ಡರಿಗೆ ಇಳಿಯದ ಜಾಗದಲ್ಲಿ.

ಜನವರಿ 6ರ ಮೂರು ರಾಯರ ಹಬ್ಬ ಕಳೆದ ಮೇಲೆ ಎಲ್ಲ ಇಳಿಸುವಾಗ ಕಿತ್ತಳೆ ಬಿಲ್ಲೆ, ಸಿಪ್ಪೆಗಳನ್ನು ಗೊಬ್ಬರದ ಗುಂಡಿಗೆ ಹಾಕಿ, ಮಳೆಗಾಲ ದಾಟುವುದಿಲ್ಲ. ಹುಲ್ಲಿನ ನಕ್ಷತ್ರ, ಸೋಡಾ ಬಿಲ್ಲೆಗಳನ್ನು ಒಂದು ದಿನ ಬಿಸಿಲಿಗೆ ಹಾಕಿ, ಪೇಪರಿನಲ್ಲಿ ಸುತ್ತಿ, ಬಿಗಿ ಮುಚ್ಚಳದ ಬಿಸ್ಕತ್ ಡಬ್ಬಕ್ಕೆ ತುಂಬಿ. ಜೊತೆಗೆ ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಇದ್ದಿಲು ಇಡಿ. ಡಬ್ಬ ಅಡುಗೆಮನೆಯ ಅಟ್ಟದಲ್ಲಿರಲಿ, ಮಂಚದ ಕೆಳಗೆ ಬೇಡ.