ಎಚ್9 ಬಂದು ಹೋಯಿತು, ಶೆಡ್ಡು ಉಳಿಯಿತು: ನನ್ನ ಅನುಭವ

"ನೀರಿನ ಪೈಪಿಗೆ ಅರವತ್ತು ಸಾವಿರ ಹಾಕ್ತೀರಾ? ರೊಕ್ಕ ಜಾಸ್ತಿ ಆಗ್ಯಾವೇನ್ರಿ ಅಣ್ಣಾರ?" ಅಂತ ಫೀಡು ತಂದುಕೊಡುವ ಹುಡುಗ ನಕ್ಕಿದ್ದ. ಪಕ್ಕದ ಶೆಡ್ಡಿನ ಕಾಕಾ ನನ್ನೆದುರು ನಗಲಿಲ್ಲ, ಸಂತೆಯಲ್ಲಿ ಎಲ್ಲರಿಗೂ ಹೇಳಿಕೊಂಡು ನಕ್ಕರು. ಈ ಚಳಿಗಾಲ ಎಚ್9, ಅಂದರೆ ಹಕ್ಕಿಜ್ವರದಲ್ಲೇ ಕಡಿಮೆ ಮಾರಕವಾದ ಎಚ್9ಎನ್2, ಬಂದು ಹೋದ ಮೇಲೆ ಇಬ್ಬರೂ ಆ ಮಾತು ತೆಗೆಯುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹುಕ್ಕೇರಿ ತಾಲ್ಲೂಕು. ಎಂಟು ಸಾವಿರ ಲೇಯರ್ (ಮೊಟ್ಟೆ ಕೋಳಿ), ಕೇಜ್ ಶೆಡ್ಡು, ಬೋರಿನ ನೀರು. ಸುತ್ತ ಕಬ್ಬು. ನಿಮಗೆಲ್ಲ ಗೊತ್ತಿರುವ ವ್ಯವಸ್ಥೆಯೇ, ಅದನ್ನು ವಿವರಿಸುವುದಿಲ್ಲ.

ಎಚ್9ರ ಮೊದಲ ಹೊಡೆತ ಬಿದ್ದದ್ದು ಮೂರು ವರ್ಷದ ಹಿಂದೆ, ದೀಪಾವಳಿ ಕಳೆದ ವಾರ. ನೂರು ಕೋಳಿಗೆ ದಿನಕ್ಕೆ 91 ಮೊಟ್ಟೆ ಇದ್ದ ಪ್ರೊಡಕ್ಷನ್ ಎಂಟೊಂಬತ್ತು ದಿನಕ್ಕೆ 58ಕ್ಕೆ ಬಂತು. ಚಿಪ್ಪು ಬಿಳಿಚಿತು, ಮೆತ್ತಗಾಯಿತು. ರಾತ್ರಿ ಲೈಟ್ ಆರಿಸಿ ನಿಂತರೆ ಶೆಡ್ಡು ತುಂಬ ಗೊರ್ ಗೊರ್. ಸತ್ತದ್ದು ಆರುನೂರರ ಆಸುಪಾಸು. ಕೊಯ್ದು ನೋಡಿದರೆ ಶ್ವಾಸನಾಳ ಎರಡಾಗಿ ಒಡೆಯುವ ಜಾಗದಲ್ಲಿ ಗಿಣ್ಣದ ತುಂಡಿನ ಹಾಗೆ ಗಟ್ಟಿ ಕಫ ಕೂತಿತ್ತು. ಔಷಧಿಗೇ ಎಪ್ಪತ್ತು ಸಾವಿರ ಹೋಯಿತು. ಒಂದಾದ ಮೇಲೊಂದು ಮೂರು ಆಂಟಿಬಯೋಟಿಕ್ ಕೊಟ್ಟೆ, ಆಮೇಲೆ ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಸೆನ್ಸಿಟಿವಿಟಿ ಟೆಸ್ಟು ಮಾಡಿಸಿದರೆ, ಒಳಗೆ ಸೇರಿದ್ದ ಇ.ಕೋಲಿ ಬ್ಯಾಕ್ಟೀರಿಯಾ ಮೂರಕ್ಕೂ ಜಗ್ಗದ್ದು. ಮೊದಲೇ ಮಾಡಿಸಬೇಕಿತ್ತು, ನನಗೂ ಗೊತ್ತಿತ್ತು, ಆದರೆ ಹಕ್ಕಿ ಸಾಯುವಾಗ ಬುದ್ಧಿ ಎಲ್ಲಿರುತ್ತದೆ? ಒಟ್ಟು ನಾಲ್ಕು ಲಕ್ಷ ಹೋಗಿರಬೇಕು. ಆ ಬ್ಯಾಚು ಕೊನೆಯವರೆಗೂ 80 ದಾಟಲಿಲ್ಲ.

ಮಗಳು ಬೀದರ್‌ನಲ್ಲಿ ವೆಟರ್ನರಿ ಓದುತ್ತಾಳೆ. ರಜೆಗೆ ಬಂದವಳು ಅಂಗಳದಲ್ಲಿ ಶೇಂಗಾ ಸುಲಿಯುತ್ತ ಒಂದು ಮಾತು ಹೇಳಿದಳು. ಅದೇ ನನ್ನ ಲೆಕ್ಕ ತಿರುಗಿಸಿತು. "ಅಪ್ಪಾ, ಎಚ್9ಎನ್2 ಅಂತೀರಲ್ಲ, ಆ ಎಚ್ ಅಂದ್ರೆ ವೈರಸ್ ಮೈಮೇಲಿನ ಹೀಮಗ್ಲುಟಿನಿನ್ ಅನ್ನೋ ಪ್ರೋಟೀನು. ಅದು ಹುಟ್ಟುವಾಗ ಈ ಶೇಂಗಾ ಕಾಯಿ ಹಂಗ ಮುಚ್ಚಿರ್ತದ. ಯಾರಾದ್ರೂ ಒಡದ್ರ ಮಾತ್ರ ವೈರಸ್ ಜೀವಕೋಶದ ಒಳಗ ಇಳೀತದ." ಎಚ್9ರ ಕಾಯಿ ಒಡೆಯಲು ಟ್ರಿಪ್ಸಿನ್ ತರದ ಕಿಣ್ವ ಬೇಕು. ಕೋಳಿಯಲ್ಲಿ ಅದು ಇರುವುದು ಉಸಿರಿನ ದಾರಿಯಲ್ಲಿ ಮತ್ತು ಕರುಳಲ್ಲಿ. ಹಾಗಾಗಿ ರೋಗವೂ ಹೆಚ್ಚಾಗಿ ಅಲ್ಲಲ್ಲೇ ಸುತ್ತುತ್ತದೆ. ಹಕ್ಕಿಜ್ವರದ ಮಾರಕ ತಳಿ ಎಚ್5ಎನ್1 ಹಾಗಲ್ಲ. ಅದರ ಕಾಯಿ ಒಡೆಯುವ ಜಾಗದಲ್ಲಿ ಅರ್ಜಿನೈನ್, ಲೈಸಿನ್ ಅನ್ನೋ ಅಮೈನೋ ಆಮ್ಲಗಳು ಸಾಲಾಗಿ ಕೂತಿರುತ್ತವೆ. ಅದನ್ನು ಒಡೆಯುವ ಫ್ಯೂರಿನ್ ಅನ್ನೋ ಕಿಣ್ವ ಮೈಯೆಲ್ಲ ಇದೆ. ಮಿದುಳು, ಹೃದಯ, ಎಲ್ಲ ಕಡೆ ನುಗ್ಗುತ್ತದೆ, ಕೆಲವೇ ದಿನಕ್ಕೆ ಶೆಡ್ಡೇ ಖಾಲಿ.

ಇದನ್ನು ಒಬ್ಬರ ಮುಂದೆ ಹೇಳಿದೆ. "ಹಾಗಾದ್ರೆ ಫೀಡಿನಲ್ಲಿ ಲೈಸಿನ್ ಕಡಿಮೆ ಮಾಡಿದರೆ ಆಗ್ತದಲ್ಲ?" ಅಂದರು. ದಯವಿಟ್ಟು ಹಾಗೆ ಮಾಡಬೇಡಿ. ಮೊಟ್ಟೆ ಸಣ್ಣದಾಗುತ್ತದೆ, ವೈರಸ್‌ಗೆ ಏನೂ ಆಗುವುದಿಲ್ಲ.

ನನಗೆ ಹೊಳೆದದ್ದು ಬೇರೆ. ಸ್ಟಫೈಲೊಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾ ತಾವೇ ಇಂಥ ಕಿಣ್ವ ಬಿಟ್ಟು ಎಚ್9ರ ಕಾಯಿ ಒಡೆದುಕೊಡುತ್ತವೆ. ಅಂದರೆ ವೈರಸ್ ಅದೇ, ಪಕ್ಕದಲ್ಲಿ ಕೂತು ಸುಲಿದುಕೊಡುವವರು ಜಾಸ್ತಿ ಆದರೆ ರೋಗ ಜೋರು. ಅದರ ಜೊತೆ ಹಿಕ್ಕೆಯಿಂದ ಏಳುವ ಅಮೋನಿಯಾ ಶ್ವಾಸನಾಳದ ಸಣ್ಣ ಕೂದಲನ್ನು ಸುಟ್ಟಿರುತ್ತದೆ, ಆ ಗಾಯದ ಮೇಲೆ ಇ.ಕೋಲಿ ಕೂರುತ್ತದೆ. ವೈರಸ್ ಬರದಂತೆ ತಡೆಯುವುದು ನಮ್ಮ ಊರಲ್ಲಿ ನನ್ನ ಕೈಲಿಲ್ಲ, ಮೊಟ್ಟೆ ಟ್ರೇ ಊರೂರು ತಿರುಗಿ ಬರುತ್ತವೆ. ಸುಲಿಯುವವರನ್ನು ಕಡಿಮೆ ಮಾಡುವುದು ಕೈಲಿದೆ ಅಲ್ವಾ?

ಎರಡನೇ ಬ್ಯಾಚಿಗೆ ಅರ್ಧ ಬುದ್ಧಿಯಲ್ಲಿ ಇಳಿದೆ. ಎಚ್9ರ ಕಿಲ್ಡ್ ಲಸಿಕೆ (ಸತ್ತ ವೈರಸ್ಸನ್ನು ಎಣ್ಣೆಯಲ್ಲಿ ಕಲಸಿದ್ದು) 16ನೇ ವಾರಕ್ಕೆ ಒಂದೇ ಸಲ ಹಾಕಿಸಿದೆ. ರೋಗ ಬಂತು, 74ಕ್ಕೆ ಇಳಿಯಿತು, ಮುನ್ನೂರು ಹಕ್ಕಿ ಹೋದವು. ಕಾಕಾಗೆ ಹಬ್ಬ. "ಲಸಿಕೆ ಅಂದ್ರ ಎಣ್ಣಿ ನೀರು" ಅಂದರು. ಆಮೇಲೆ ಲಸಿಕೆ ಹಾಕಿಸಿದಾಗಿನ ಟೈಟರ್ ರಿಪೋರ್ಟು, ಅಂದರೆ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಅನ್ನುವ ಲೆಕ್ಕ, ತೆಗೆದು ನೋಡಿದೆ. 20 ಹಕ್ಕಿಯಲ್ಲಿ ಕೆಲವು 8, ಕೆಲವು 3. ಸರಾಸರಿ ಚೆನ್ನಾಗಿಯೇ ಇತ್ತು, ಸರಾಸರಿ ನೋಡಿಯೇ ಕೆಟ್ಟೆ. ಲಸಿಕೆ ಹಾಕುವ ತಂಡಕ್ಕೆ ಹಕ್ಕಿ ಲೆಕ್ಕದಲ್ಲಿ ಕೂಲಿ, ಅವರು ಓಡುತ್ತಾರೆ, ಅರ್ಧ ಡೋಸು ಪುಕ್ಕಕ್ಕೆ. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಹಾಗೇ ಚುಚ್ಚುತ್ತಿದ್ದರು, ತಣ್ಣಗಿದ್ದರೆ ಎಣ್ಣೆ ಗಟ್ಟಿ, ಸೂಜಿಯಿಂದ ಸರಿಯಾಗಿ ಇಳಿಯುವುದಿಲ್ಲ.

ಅದೇ ಬ್ಯಾಚಿನಲ್ಲಿ ಇನ್ನೊಂದು ಪೆದ್ದತನ. ಅಮೋನಿಯಾ ಇಳಿಸಲು ಒದ್ದೆ ಹಿಕ್ಕೆಯ ಮೇಲೆ ಸುಣ್ಣ ಚೆಲ್ಲಿಸಿದೆ. ಅರ್ಧ ಗಂಟೆಯಲ್ಲಿ ಕಣ್ಣು ತೆರೆಯಲು ಆಗಲಿಲ್ಲ! ಸುಣ್ಣ ಕ್ಷಾರ, ಹಿಕ್ಕೆಯೊಳಗಿನ ಅಮೋನಿಯಾವನ್ನು ಅದೇ ಹೊರಗೆ ಹಾಕಿತು. ಹತ್ತು ಚೀಲ ಸುಣ್ಣ ಕೊಂಡು ನಾನೇ ಹಕ್ಕಿಗಳ ಗಂಟಲು ಸುಟ್ಟ ಹಾಗಾಯಿತು.

ಮೂರನೇ ಬ್ಯಾಚು. ಎಂಟನೇ ವಾರದ ಸುಮಾರಿಗೆ ಒಂದು ಲಸಿಕೆ, ಮೊಟ್ಟೆಗೆ ಬರುವ ಮೊದಲು 15ನೇ ವಾರಕ್ಕೆ ಇನ್ನೊಂದು. ತಂಡಕ್ಕೆ ದಿನಗೂಲಿ ಕೊಟ್ಟೆ, ಖರ್ಚು ನಾಲ್ಕೈದು ಸಾವಿರ ಜಾಸ್ತಿ ಆಯಿತು, ಆದರೆ ಟೈಟರ್ ಎಲ್ಲ 7-8ರಲ್ಲಿ ಒತ್ತಾಗಿ ಬಂತು. ಟೈಟರ್ ತೋರಿಸುವ ಎಚ್‌ಐ ಟೆಸ್ಟು ಅಳೆಯುವುದೂ ಅದೇ ಎಚ್ ಪ್ರೋಟೀನಿನ ಮೇಲೆ ಪ್ರತಿಕಾಯಕ್ಕಿರುವ ಹಿಡಿತವನ್ನೇ, ಹಾಗಾಗಿ ಆ ಕಾಗದಕ್ಕೆ ಕೊಟ್ಟ ದುಡ್ಡು ದಂಡ ಅನ್ನಬೇಡಿ.

ಉಳಿದದ್ದೆಲ್ಲ ನೀರು ಮತ್ತು ಗಾಳಿಗೆ. ಕೋಳಿ ನೀರು ಕುಡಿಯುವ ನಿಪ್ಪಲ್ ಲೈನು ಬಿಚ್ಚಿ ನೋಡಿದರೆ ಒಳಗೆ ಬೆರಳಿಗೆ ಅಂಟುವ ಲೋಳೆ. ಕ್ಲೋರಿನ್ ಮೇಲೆ ಮೇಲೆ ಹರಿದು ಹೋಗುತ್ತಿತ್ತು ಅಷ್ಟೇ. ಹಳೇ ಪೈಪು ತೆಗೆಸಿದೆ, ಕೊನೆಯಲ್ಲಿ ಪೈಪು ತೊಳೆದ ನೀರು ಹೊರಬಿಡುವ ಫ್ಲಶ್ ವಾಲ್ವ್ ಹಾಕಿಸಿದೆ, ಮೊದಲು ಲೋಳೆ ತೆಗೆದು ಆಮೇಲೆ ಆಸಿಡ್, ಆಮೇಲೆ ಕ್ಲೋರಿನ್. ಯಾವ ಆಸಿಡ್, ಎಷ್ಟು, ಎಷ್ಟು ಹೊತ್ತು ಅಂತ ಬರೆಯುವುದಿಲ್ಲ. ಅದಕ್ಕೆ ನಾನು ಎರಡು ಬ್ಯಾಚು ಬೆಲೆ ಕೊಟ್ಟಿದ್ದೇನೆ, ನೀವು ನಿಮ್ಮ ಬೋರಿನ ನೀರಿಗೆ ತಕ್ಕಂತೆ ಕಂಡುಕೊಳ್ಳಿ. ಲಸೋಟಾ (ಕೊಕ್ಕರೆ ರೋಗದ ಜೀವಂತ ಲಸಿಕೆ) ನೀರಿನಲ್ಲಿ ಕೊಡುವ ದಿನ ಕ್ಲೋರಿನ್ ಬಂದ್ ಮಾಡಬೇಕು ಅನ್ನುವುದು ನಿಮಗೆ ಗೊತ್ತೇ ಇದೆ. ಅಕ್ಕಪಕ್ಕ ಕೆಮ್ಮು ಶುರುವಾದ ಮೇಲೆ ಐಬಿ (ಕೋಳಿಯ ಇನ್ನೊಂದು ಉಸಿರಾಟದ ರೋಗ) ಲೈವ್ ಲಸಿಕೆ ಸ್ಪ್ರೇ ಮಾಡಿಸಲಿಲ್ಲ. ಗಾಯದ ಮೇಲೆ ಇನ್ನೊಂದು ಗಾಯ ಯಾಕೆ? ಹಿಕ್ಕೆಗೆ ನೀರು ಸೋರದಂತೆ ನಿಪ್ಪಲ್ ಬದಲಿಸಿದೆ, ಚಳಿ ಅಂತ ಪರದೆ ಪೂರ್ತಿ ಮುಚ್ಚುವುದನ್ನು ಬಿಟ್ಟೆ, ಮೇಲೆ ಒಂದಡಿ ತೆರೆದೇ ಇಟ್ಟೆ. ಇದಕ್ಕೆ ನನ್ನ ಹೆಂಡತಿಯೂ ಬೈದಳು, ಹಕ್ಕಿ ನಡುಗುತ್ತವೆ ಅಂತ. ಫೀಡು ಸ್ವಲ್ಪ ಜಾಸ್ತಿ ತಿಂದವು, ಅದು ನಿಜ.

ನಡುವೆ ಅಡ್ಡ ಪ್ರಯೋಗವೂ ನಡೆದಿತ್ತು. ಒಂದು ಸಾಲಿಗೆ ಅರಿಶಿನ ಬೆಳ್ಳುಳ್ಳಿ, ಒಂದಕ್ಕೆ ನೀಲಗಿರಿ ಎಣ್ಣೆ ಹೊಗೆ. ಬೆಳ್ಳುಳ್ಳಿ ಸಾಲಿಗೂ ಬರೀ ಸಾಲಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ, ಮೊಟ್ಟೆ ವಾಸನೆ ಬಂತು ಅಂತ ವ್ಯಾಪಾರಿ ಮಾತ್ರ ಎರಡು ದಿನ ಮುಖ ಗಂಟು ಹಾಕಿದ. ನೀಲಗಿರಿಯಲ್ಲಿ ಗೊರ್ ಗೊರ್ ಸ್ವಲ್ಪ ಇಳಿದಂತೆ ಕೇಳಿಸಿತು, ಆಣೆ ಮಾಡಿ ಹೇಳಲಾರೆ. ಹಿತ್ತಲಲ್ಲಿ ಆಸೆಗೆ ಸಾಕಿದ್ದ ಹನ್ನೆರಡು ಗಿರಿರಾಜ ಕೋಳಿಗಳನ್ನು ಮಾತ್ರ ತಂಗಿಯ ಊರಿಗೆ ಕಳಿಸಿದೆ. ಅವು ಅಡ್ಡಾಡಿ ರೋಗ ತರುವುದು ಹೆಚ್ಚು.

ಡಿಸೆಂಬರ್ ಕೊನೆಗೆ ಕಾಕಾನ ಶೆಡ್ಡಿಗೆ ಬಂತು. ಐದನೇ ದಿನ ನನ್ನದಕ್ಕೂ. ಸ್ವಾಬ್ ಕಳಿಸಿದೆ, ಎಚ್9 ಅಂತಲೇ ಬಂತು. 93ರಿಂದ 86ಕ್ಕೆ ಇಳಿದು ಅಲ್ಲೇ ನಿಂತಿತು. ಹನ್ನೆರಡು ಹದಿಮೂರು ದಿನಕ್ಕೆ ಮತ್ತೆ 91. ಸತ್ತದ್ದು ನಲವತ್ತು ಇರಬಹುದು. ಆಂಟಿಬಯೋಟಿಕ್ ಒಂದು ಪ್ಯಾಕೆಟ್ ಒಡೆಯಲಿಲ್ಲ. ಪೈಪು, ವಾಲ್ವ್, ಎರಡು ಲಸಿಕೆ, ಟೆಸ್ಟು ಸೇರಿ ಒಂದು ಲಕ್ಷದ ಮೇಲೆ ಸ್ವಲ್ಪ ಆಗಿತ್ತು. ಮೊದಲ ಬ್ಯಾಚಿನ ನಾಲ್ಕು ಲಕ್ಷದ ಪಕ್ಕ ಇಟ್ಟು ನೋಡಿ.

ಒಂದು ಮಾತು, ಇದು ಎಚ್9ರ ಕಥೆ ಮಾತ್ರ. ಸಾವು ದಿಢೀರನೆ ಏರಿದರೆ, ಜುಟ್ಟು ನೀಲಿಯಾದರೆ, ಕಾಲಿನ ಚರ್ಮದಲ್ಲಿ ರಕ್ತ ಕಂಡರೆ ನನ್ನ ಪೈಪಿನ ಕೆಲಸ ನಂಬಿ ಕೂರಬೇಡಿ. ಕೊಯ್ಯಬೇಡಿ, ಸಾಗಿಸಬೇಡಿ, ಅವತ್ತೇ ಪಶು ಆಸ್ಪತ್ರೆಗೆ ಫೋನ್ ಮಾಡಿ. ಅದು ಎಚ್5ಎನ್1 ಇರಬಹುದು, ಮನುಷ್ಯರಿಗೂ ತಗಲುತ್ತದೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಎಚ್5ಎನ್1 ಬಂದಾಗ ಅಪ್ಪ ಬ್ರಾಯ್ಲರ್ ಹಾಕಿದ್ದರು. ನಮ್ಮಲ್ಲಿ ಒಂದು ಹಕ್ಕಿಗೂ ರೋಗವಿರಲಿಲ್ಲ, ಆದರೂ ಪುಕ್ಕಟೆ ಕೊಟ್ಟರೂ ತಗೊಳ್ಳುವವರಿರಲಿಲ್ಲ.

ಹೋದ ವಾರ ಕಾಕಾ ಫೋನ್ ಮಾಡಿದ್ದರು. ಹವಾಮಾನ, ಕಬ್ಬಿನ ಬಿಲ್ಲು, ಮೊಮ್ಮಗನ ಜಾವಳ, ಎಲ್ಲ ಆದ ಮೇಲೆ ಮೆಲ್ಲಗೆ, "ಆ ವಾಲ್ವ್ ಎಲ್ಲಿ ಸಿಗ್ತದಪಾ?" ಅಂದರು. ಅಂಗಡಿ ಹೇಳಿದೆ. ಆಸಿಡ್ ಅಳತೆ ಕೇಳಿದರು, ಅದು ಮಾತ್ರ ಹೇಳಲಿಲ್ಲ. ನೋಡಲು ಶೆಡ್ಡಿಗೆ ಬರ್ತೀನಿ ಅಂದರು. ಅವರ ಚಪ್ಪಲಿ ನೆನಪಾಗಿ, ಬೇಡ ಕಾಕಾ, ನಾನೇ ನಿಮ್ಮ ಮನೆಗೆ ಬರ್ತೀನಿ ಅಂದೆ.