ಅಮೆರಿಕದಲ್ಲಿ ಇವಿ ಕೊಂಡಿದ್ದೀರಾ? 7,500 ಡಾಲರ್ ಕೇಳುವ ಮುನ್ನ ಇದನ್ನು ನೋಡಿ

ಅಮೆರಿಕದಲ್ಲಿ ಹೊಸ ಎಲೆಕ್ಟ್ರಿಕ್ ಕಾರು ಕೊಂಡವರಿಗೆ ಸಿಗುತ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ನಿಂತುಹೋಯಿತು. ಅದು 2032ರ ತನಕ ಇರಬೇಕಿತ್ತು. ಜುಲೈ 4ರಂದು ಸಹಿ ಬಿದ್ದ ಹೊಸ ಕಾಯ್ದೆ ಬೇಗನೆ ಬಾಗಿಲು ಹಾಕಿತು. ಆದರೆ ಆ ದಿನದೊಳಗೆ ಕೊಂಡವರ ಲೆಕ್ಕ ಇನ್ನೂ ಬಾಕಿ ಇದೆ. 2025ರ ರಿಟರ್ನ್ಸ್ ಸಲ್ಲಿಸಲು 2026ರ ಏಪ್ರಿಲ್ 15 ಕೊನೆಯ ದಿನ. ಫ್ರೀಮಾಂಟ್, ಡಲ್ಲಾಸ್ ಕಡೆ ಇರುವ ನಮ್ಮವರಿಗಾಗಿ ಈ ಲೇಖನ.

ಮೊದಲು ತಾರೀಖು

ಸೆಪ್ಟೆಂಬರ್ 30ರೊಳಗೆ ಕಾರು ಮನೆಗೆ ಬಂದಿರಲೇಬೇಕು ಅಂತಿಲ್ಲ. ಅಷ್ಟರೊಳಗೆ ಲಿಖಿತ ಒಪ್ಪಂದಕ್ಕೆ ಸಹಿ ಹಾಕಿ, ಒಂದಿಷ್ಟು ಮುಂಗಡ ಕೊಟ್ಟಿದ್ದರೆ ಸಾಕು. ಕಾರು ಕೈಗೆ ಬಂದ ವರ್ಷದ ರಿಟರ್ನ್ಸ್‌ನಲ್ಲಿ ರಿಯಾಯಿತಿ ಕೇಳಬೇಕು.

ಆಮೇಲೆ ವಿನ್ ನಂಬರ್ (ಕಾರಿನ ಗುರುತಿನ ಸಂಖ್ಯೆ)

ವಿಂಡ್‌ಶೀಲ್ಡ್ ಕೆಳಗಿರುವ 17 ಅಕ್ಷರ-ಅಂಕಿಗಳಲ್ಲಿ ಮೊದಲನೆಯದನ್ನು ನೋಡಿ. 1, 4, 5 ಅಥವಾ 7 ಇದ್ದರೆ ಅಮೆರಿಕ, 2 ಕೆನಡಾ, 3 ಮೆಕ್ಸಿಕೊ. ಈ ಮೂರು ದೇಶಗಳಲ್ಲಿ ಜೋಡಿಸಿದ ಕಾರಿಗೆ ಮಾತ್ರ ರಿಯಾಯಿತಿ. ಕೊರಿಯಾದಿಂದ ಬಂದದ್ದಕ್ಕೆ ಕೆ, ಜಪಾನಿನದಕ್ಕೆ ಜೆ ಇರುತ್ತದೆ.

ಬ್ರ್ಯಾಂಡ್ ನಂಬಿ ಕೂತರೆ ಮೋಸ ಹೋಗುತ್ತೀರಿ. ಹ್ಯುಂಡೈ ಐಯಾನಿಕ್ 5 ಮೊದಲು ಕೊರಿಯಾದಿಂದಲೇ ಬರುತ್ತಿತ್ತು. ಜಾರ್ಜಿಯಾದ ಹೊಸ ಕಾರ್ಖಾನೆಯಲ್ಲಿ 2024ರ ಅಕ್ಟೋಬರ್‌ನಲ್ಲಿ ತಯಾರಿಕೆ ಶುರುವಾಯಿತು, 2025ರಲ್ಲಿ ರಿಯಾಯಿತಿ ದಕ್ಕಿತು. ಅಷ್ಟರಲ್ಲಿ ಒಂಬತ್ತೇ ತಿಂಗಳಿಗೆ ಯೋಜನೆಯೇ ಮುಗಿಯಿತು! ಮಾಡೆಲ್ ಹೆಸರು ಒಂದೇ, ಲೆಕ್ಕ ಬೇರೆ.

ಬ್ಯಾಟರಿ ಎಲ್ಲಿಯದು?

ಇದೇ ಕಗ್ಗಂಟು. 7,500ರಲ್ಲಿ ಅರ್ಧ, ಅಂದರೆ 3,750 ಡಾಲರ್, ಬ್ಯಾಟರಿಯ ಬಿಡಿಭಾಗಗಳಿಗೆ. 2025ರಲ್ಲಿ ಅವುಗಳ ಮೌಲ್ಯದ 60% ಉತ್ತರ ಅಮೆರಿಕದ್ದಾಗಿರಬೇಕಿತ್ತು. ಇನ್ನರ್ಧ ಲಿಥಿಯಂ, ನಿಕ್ಕಲ್‌ನಂಥ ಖನಿಜಗಳಿಗೆ. ಅವುಗಳಲ್ಲೂ 60% ಅಮೆರಿಕದಿಂದಲೋ ಅದರ ಜೊತೆ ವ್ಯಾಪಾರ ಒಪ್ಪಂದ ಇರುವ ದೇಶದಿಂದಲೋ ಬರಬೇಕಿತ್ತು. ಚೀನಾದ ಸರಕು ಇದ್ದರಂತೂ ಪೂರ್ತಿ ಹೋಯಿತು. ಚೀನಾದ ಸೆಲ್ ಹಾಕಿದ ಟೆಸ್ಲಾ ಮಾಡೆಲ್ 3ರ ಅಗ್ಗದ ಆವೃತ್ತಿ 2024ರ ಜನವರಿ 1ಕ್ಕೆ ಪಟ್ಟಿಯಿಂದ ಹೊರಬಿದ್ದದ್ದು ಹೀಗೆ. ಆ ಕಾರು ಜೋಡಣೆಯಾಗಿದ್ದು ಕ್ಯಾಲಿಫೋರ್ನಿಯಾದಲ್ಲೇ ಅನ್ನುವುದು ನೆನಪಿರಲಿ.

ಇದನ್ನೆಲ್ಲ ನೀವು ಲೆಕ್ಕ ಹಾಕಬೇಕಿಲ್ಲ. ಸರ್ಕಾರದ ಫ್ಯೂಯಲ್ ಎಕಾನಮಿ ಜಾಲತಾಣದಲ್ಲಿ ಮಾಡೆಲ್, ವರ್ಷ, ಕೊಂಡ ದಿನ ಹಾಕಿ ನೋಡಿ. ಅಂದಹಾಗೆ, ಅಮೆರಿಕದಲ್ಲೇ ಬ್ಯಾಟರಿ ಸೆಲ್ ಮಾಡುವ ಕಂಪನಿಗೆ ಪ್ರತಿ ಕಿಲೋವ್ಯಾಟ್ ಅವರ್‌ಗೆ 35 ಡಾಲರ್ ರಿಯಾಯಿತಿ ಮುಂದುವರಿದಿದೆ. ನಿಂತದ್ದು ಕೊಳ್ಳುವವರದು ಮಾತ್ರ.

ಆದಾಯ, ಬೆಲೆ

ದಂಪತಿ ಒಟ್ಟಿಗೆ ಸಲ್ಲಿಸಿದರೆ ಆದಾಯ 3 ಲಕ್ಷ ಡಾಲರ್ ದಾಟಬಾರದು, ಒಬ್ಬರೇ ಆದರೆ 1.5 ಲಕ್ಷ. ಕಾರು ಸಿಕ್ಕ ವರ್ಷ, ಅದರ ಹಿಂದಿನ ವರ್ಷ, ಎರಡರಲ್ಲಿ ಯಾವುದು ಕಡಿಮೆಯೋ ಅದು ಲೆಕ್ಕಕ್ಕೆ. ಕಂಪನಿ ಷೇರು ಕೈಸೇರಿ ಕಾರು ಸಿಕ್ಕ ವರ್ಷ ಆದಾಯ ಜಾಸ್ತಿಯಾಗಿದ್ದರೆ ಹಿಂದಿನ ವರ್ಷ ಕಾಪಾಡಬಹುದು. ಕಾರಿನ ಪಟ್ಟಿ ಬೆಲೆಗೆ ಮಿತಿ 55,000 ಡಾಲರ್, ಎಸ್‌ಯುವಿ ಮತ್ತು ಪಿಕಪ್‌ಗೆ 80,000.

ಕಾಗದ ಮತ್ತು ಫಾರ್ಮ್

ಡೀಲರ್ ಕಾರು ಮಾರಿದ ವಿವರವನ್ನು ತೆರಿಗೆ ಇಲಾಖೆಗೆ ಆನ್‌ಲೈನ್‌ನಲ್ಲಿ ಕಳಿಸಿ, ನಿಮಗೊಂದು ಪ್ರತಿ ಕೊಟ್ಟಿರಬೇಕು. ಅದು ಇಲ್ಲದೆ ಕೇಳಿದರೆ ತಿರಸ್ಕಾರ ಖಚಿತ. ಅದನ್ನಿಟ್ಟುಕೊಂಡು ಫಾರ್ಮ್ 8936 ತುಂಬಿ.

ಈ ರಿಯಾಯಿತಿಯನ್ನು ಶೋರೂಮಿನಲ್ಲೇ ಬೆಲೆ ಕಡಿತವಾಗಿ ಪಡೆದವರು ಸುಮ್ನೆ ಕೂರುವಂತಿಲ್ಲ. ಅವರೂ ಈ ಫಾರ್ಮ್ ಕೊಡಲೇಬೇಕು. ಆದಾಯ ಮಿತಿ ಮೀರಿದ್ದರೆ ಹಣ ವಾಪಸ್ ಕಟ್ಟಬೇಕು. ಶೋರೂಮಿನಲ್ಲಿ ಪಡೆಯದವರಿಗೆ ಸಿಗುವುದು ತಾವು ಕಟ್ಟಬೇಕಾದ ತೆರಿಗೆಯಷ್ಟೇ. ತೆರಿಗೆ 5,000 ಇದ್ದರೆ ಉಳಿದ 2,500 ಹೋದಂತೆಯೇ. ಲೀಸ್ ಮೇಲೆ ತಂದವರು ಇದನ್ನು ಮುಟ್ಟಬೇಡಿ, ಅದು ಲೀಸ್ ಕಂಪನಿಯ ಪಾಲು.

ಈಗ ಕೊಳ್ಳುವವರಿಗೆ?

ಹೊಸ ಕಾರಿನ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 10,000 ಡಾಲರ್‌ವರೆಗೆ ಆದಾಯದಿಂದ ಕಳೆಯಬಹುದು, 2028ರ ತನಕ. ಪೆಟ್ರೋಲ್ ಕಾರಿಗೂ ಉಂಟು. ಆದರೆ ಇಲ್ಲಿ ಕಾರು ಅಮೆರಿಕದಲ್ಲೇ ಜೋಡಣೆಯಾಗಿರಬೇಕು. ಮೆಕ್ಸಿಕೊದಲ್ಲಿ ತಯಾರಾಗುವ ಶೆವ್ರೊಲೆ ಈಕ್ವಿನಾಕ್ಸ್ ಇವಿಗೆ 7,500 ಸಿಗುತ್ತಿತ್ತು, ಬಡ್ಡಿ ಕಡಿತ ಸಿಗುವುದಿಲ್ಲ. ದಂಪತಿ ಆದಾಯ 2 ಲಕ್ಷ ದಾಟಿದರೆ ಕಡಿತ ಇಳಿಯುತ್ತ ಹೋಗಿ 2.5 ಲಕ್ಷಕ್ಕೆ ಸೊನ್ನೆಯಾಗುತ್ತದೆ. ಇಬ್ಬರೂ ಐಟಿ ಕೆಲಸದಲ್ಲಿರುವ ಮನೆಗಳಿಗೆ ಇದರಿಂದ ಅಷ್ಟೇನೂ ಲಾಭವಿಲ್ಲ.

ಮನೆಯಲ್ಲಿ ಚಾರ್ಜರ್ ಹಾಕಿಸಿದವರಿಗೆ ಖರ್ಚಿನ 30%, ಗರಿಷ್ಠ 1,000 ಡಾಲರ್, ಫಾರ್ಮ್ 8911ರಲ್ಲಿ ಸಿಗುತ್ತದೆ. ಅದು 2026ರ ಜೂನ್ 30ರೊಳಗೆ ಬಳಕೆಗೆ ಬಂದಿರಬೇಕು. ನಗರದಾಚೆಯ ಅಥವಾ ಕಡಿಮೆ ಆದಾಯದ ಪ್ರದೇಶಗಳಿಗಷ್ಟೇ ಈ ಸೌಲಭ್ಯ, ಹಾಗಾಗಿ ಮನೆ ವಿಳಾಸ ಆ ಪಟ್ಟಿಯಲ್ಲಿದೆಯೇ ನೋಡಿಕೊಂಡೇ ಫಾರ್ಮ್ ತುಂಬಿ.